ನಮ್ಮವ್ವನ ಕುಡುಗೋಲು ವಾಪಸು ಕೊಡಿ

ಜಿಲ್ಲಾ ಹವಾಮಾನ ಕೋಶದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮವ್ವನ ಕುಡುಗೋಲು ನಿಮ್ಮ ವಶದಲ್ಲಿದೆ. ಊರ ಗುಂಡುತೋಪಿನಲ್ಲಿ ಹೊಂಗೆ ಸೊಪ್ಪು ಕಡಿದಳೆಂಬ ಅಪರಾಧಕ್ಕೆ ಹೋದ ವಾರ ಅದನ್ನು ಕಿತ್ತುಕೊಂಡು, ತಲೆಯ ಮೇಲಿದ್ದ ಸೊಪ್ಪಿನ ಹೊರೆಯನ್ನೂ ಇಳಿಸಿಕೊಂಡು, ಆಕೆಯನ್ನು ಬರಿಗೈಯಲ್ಲಿ ಮನೆಗೆ ಕಳಿಸಿದಿರಿ. ಕುಡುಗೋಲು ಈಗ ಯಾವ ಮೇಜಿನ ಕೆಳಗಿದೆಯೋ ನನಗೆ ತಿಳಿಯದು. ಸೊಪ್ಪು ಎಲ್ಲಿದೆಯೆಂದು ಮಾತ್ರ ಗೊತ್ತು. ನೀವು ನೆಡಿಸಿದ ಬೋರ್ಡಿನ ಬುಡದಲ್ಲಿ ಬಿದ್ದು, ಒಣಗಿ, ತರಗಾಗಿ ಗಾಳಿಗೆ ಹಾರುತ್ತಿದೆ. ಗದ್ದೆಗೂ ಆಗಲಿಲ್ಲ, ಮರಕ್ಕೂ ಉಳಿಯಲಿಲ್ಲ. ಇದನ್ನು ನೀವು ಹವಾಮಾನ ಸಂರಕ್ಷಣೆ ಎಂದು ಕರೆಯುತ್ತೀರಿ. ನನಗೆ ಇದನ್ನು ನೋಡಿದರೆ ಹೇಸಿಗೆಯಾಗುತ್ತದೆ. ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಓದುವ ತಾಳ್ಮೆ ನಿಮಗಿಲ್ಲದಿದ್ದರೆ ಇಷ್ಟಾದರೂ ತಲುಪಲಿ.

ನಾಲೆಗೆ ನೀರು ಬಿಡುವ ಸುದ್ದಿ ಬಂದಿದೆ. ನೀರು ಬರುವುದರೊಳಗೆ ಸೊಪ್ಪು ಸಿಗದಿದ್ದರೆ ನಮ್ಮವ್ವ ತನ್ನ ಗದ್ದೆಯ ಮೇಲ್ಮಣ್ಣನ್ನು ಇಟ್ಟಿಗೆ ಗೂಡಿಗೆ ಕೊಟ್ಟುಬಿಡುತ್ತಾಳೆ. ಗೂಡಿನವರ ಜೊತೆ ಮಾತಾಗಿದೆ. ಮಣ್ಣು ಎತ್ತುವ ಯಂತ್ರ ಪಕ್ಕದ ಗದ್ದೆಯಲ್ಲೇ ನಿಂತಿದೆ. ಹೀಗಾಗಿ, ಅರ್ಜಿ ಬರೆದು ನಿಮ್ಮ ಟಪಾಲು ಗುಮಾಸ್ತರ ಮುಂದೆ ನಿಲ್ಲುವಷ್ಟು ವ್ಯವಧಾನ ನನಗಿಲ್ಲ. ಊರೆಲ್ಲ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಮ್ಮವ್ವನ ಹೆಸರು ಪಟ್ಟಲಮ್ಮ. ನಿಮಗೆ ಅವಳ ಪರಿಚಯವಿದೆ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನೀವು ಮದ್ದೂರು ತಾಲ್ಲೂಕಿನ ನಮ್ಮ ಊರಿಗೆ ಬಂದು, ಅದೇ ತೋಪಿನಲ್ಲಿ ಜನಜಾಗೃತಿ ಸಭೆ ಮಾಡಿದ್ದಿರಿ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳನ್ನು ನೋಡಿಕೊಂಡು ಬರುವಷ್ಟರಲ್ಲಿ ನಿಮಗೆ ತಡವಾಯಿತು. ಊರವರು ಬೆಳಗಿನಿಂದ ಕಾದಿದ್ದರು. ಸುತ್ತಲ ಊರುಗಳಲ್ಲೇ ತಂಪಾದ ಹೊಂಗೆಯ ನೆರಳಿತ್ತು, ಅದರ ಕೆಳಗೆ ನಿಮಗೆಂದು ಶಾಮಿಯಾನ ಹಾಕಿಸಿದ್ದರು. ಶಾಮಿಯಾನದ ಕೆಳಗೆ ಸೆಕೆಯಾಗುತ್ತದೆಂದು ದೊಡ್ಡ ಕೂಲರು ಇಟ್ಟರು. ಕೂಲರಿಗೆ ಕರೆಂಟು ಸಾಲದೆಂದು ಜನರೇಟರ್ ಹೊಡೆದರು. ಆ ಹೊಗೆಯಲ್ಲಿ ಕೆಮ್ಮುತ್ತಾ ಕೂತ ಹೆಂಗಸರಿಗೆ ಭೂಮಿ ಏಕೆ ಬಿಸಿಯಾಗುತ್ತಿದೆ ಎಂದು ನೀವು ವಿವರಿಸಿದಿರಿ.

ನಾನೂ ಹಿಂದಿನ ಸಾಲಿನಲ್ಲಿದ್ದೆ. ಪರದೆಯ ಮೇಲೆ ಹಿಮಕರಡಿ ಬಂತು, ಕರಗುವ ಮಂಜು ಬಂತು. ಆಮೇಲೆ ಗದ್ದೆಯಲ್ಲಿ ಸೊಪ್ಪು ತುಳಿಯುತ್ತಿರುವ ಹೆಂಗಸರ ಚಿತ್ರ ಬಂತು. ನಮ್ಮವರಿಗೆ ಖುಷಿಯಾಯಿತು, ಇಷ್ಟು ಹೊತ್ತಿಗೆ ಒಂದು ಗುರುತಿನ ವಸ್ತು ಕಂಡಿತಲ್ಲ! ನೀವು ಮೈಕಿನಲ್ಲಿ ಕೇಳಿದಿರಿ, "ಇಲ್ಲಿ ಸೊಪ್ಪು ತುಳಿಯೋರು ಯಾರ್ಯಾರು, ಕೈ ಎತ್ತಿ ನೋಡೋಣ." ಬಹುಮಾನ ಕೊಡುತ್ತಾರೇನೋ ಎಂಬಂತೆ ನಮ್ಮವ್ವ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಆಗ ನೀವು ಅವಳತ್ತ ಬೆರಳು ತೋರಿಸಿ ಹೇಳಿದಿರಿ: "ನೋಡಿ ಅಮ್ಮಾ, ನೀವು ನೀರಿನಲ್ಲಿ ತುಳಿಯುವ ಸೊಪ್ಪು ಕೊಳೆತು ಗ್ಯಾಸ್ ಬರುತ್ತೆ. ಅದು ಮೇಲೆ ಹೋಗಿ ಭೂಮಿಯನ್ನು ಬಿಸಿ ಮಾಡುತ್ತೆ."

"ಅಯ್ಯೋ ಸ್ವಾಮಿ, ನಾನಾ?" ಅಂದಳು ನಮ್ಮವ್ವ.

ಸಭೆ ಗೊಳ್ಳೆಂದು ನಕ್ಕಿತು. ನೀವೂ ನಕ್ಕಿರಿ. ಆಮೇಲೆ ವಡೆ ತಿಂದು, ಎಣ್ಣೆ ಕಾಗದವನ್ನೂ ನೀರಿನ ಬಾಟಲಿಗಳನ್ನೂ ತೋಪಿನ ಮಣ್ಣಿನಲ್ಲೇ ಎಸೆದು ಕಾರು ಹತ್ತಿದಿರಿ. ಭೂಮಿ ಬಿಸಿ ಮಾಡಿದ ಆರೋಪಿ ಸೆರಗು ಕಟ್ಟಿಕೊಂಡು ಅವನ್ನೆಲ್ಲ ಆಯ್ದು ಮಂಕರಿಗೆ ತುಂಬಿದಳು.

ಆ ಸಂಜೆ ಮನೆಯಲ್ಲಿ ಅವಳು ಕೇಳಿದ ಮಾತು ನನಗಿನ್ನೂ ಕಿವಿಯಲ್ಲಿದೆ. "ನಿಜವೇನಮ್ಮಿ ಅರುಂದತಿ? ನಾನ್ ಸೊಪ್ಪು ತುಳ್ದುದ್ಕೇ ಇಂಗೆ ಬಿಸ್ಲು ಉರೀತಿರಾದು?" ಅವಳು ತಮಾಷೆಗೆ ಕೇಳಲಿಲ್ಲ. ನಾನು ನಕ್ಕು ತಳ್ಳಿಹಾಕಿದರೂ ಅವಳ ಮುಖ ತಿಳಿಯಾಗಲಿಲ್ಲ. ಕಾರು, ವಿಮಾನ, ಕಾರ್ಖಾನೆ ಬಿಟ್ಟು, ಜೀವಮಾನದಲ್ಲಿ ಬಸ್ಸಿನ ಕಿಟಕಿ ಪಕ್ಕದ ಸೀಟಿಗಿಂತ ದೊಡ್ಡ ಐಷಾರಾಮ ಕಾಣದ ಹೆಂಗಸಿನ ತಲೆಯ ಮೇಲೆ ಜಗತ್ತಿನ ಬಿಸಿಲನ್ನು ಹೊರಿಸಲು ನಿಮಗೆ ಮನಸ್ಸಾದರೂ ಹೇಗೆ ಬಂತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಿಮ್ಮ ಕೋಶದ ಬಾಗಿಲ ಮೇಲೆ ಈ ಗಾದೆಯನ್ನೇ ಬರೆಸಿಕೊಳ್ಳಿ.

ನಾನು ಮಳವಳ್ಳಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು. ನೀವು ಹೇಳಿದ್ದು ಸುಳ್ಳು ಎನ್ನುವುದಿಲ್ಲ. ನೀರು ನಿಂತ ಗದ್ದೆಯಲ್ಲಿ ಹಸಿ ಸೊಪ್ಪು ಕೊಳೆತರೆ ಮೀಥೇನ್ ಬರುವುದು ನಿಜ. ನಾನೇ ಅದನ್ನು ಪಾಠ ಮಾಡುತ್ತೇನೆ. ನೀರನ್ನು ನಡುನಡುವೆ ಇಂಗಲು ಬಿಟ್ಟು ಗದ್ದೆಯನ್ನು ಆರಿಸಿದರೆ ಅದು ಬಹಳ ಕಮ್ಮಿಯಾಗುತ್ತದೆ ಎಂಬುದೂ ನಿಜ. ಆದರೆ ನಾಲೆಯ ತೂಬಿನ ಕೀಲಿ ಯಾರ ಕೈಯಲ್ಲಿದೆ? ನಮ್ಮದು ನಾಲೆಯ ಕಟ್ಟಕಡೆಯ ಊರು. ನೀರು ಬಂದಾಗ ಹಿಡಿದುಕೊಂಡರೆ ಉಂಟು, ಬಿಟ್ಟರೆ ಮತ್ತೆ ಯಾವಾಗಲೋ ಶಿವನೇ ಬಲ್ಲ. ಬೇಕೆಂದಾಗ ನೀರು ಕೊಡುತ್ತೇವೆ, ಗದ್ದೆ ಆರಿಸಿಕೊಳ್ಳಿ ಎಂದು ಒಬ್ಬರಾದರೂ ಹೇಳಿದ್ದರೆ ನಮ್ಮವ್ವ ಆರಿಸುತ್ತಿರಲಿಲ್ಲವೇ? ಅದನ್ನು ಬಿಟ್ಟು ಸೊಪ್ಪನ್ನೇ ನಿಲ್ಲಿಸಿ ಅಂದಿರಿ. ಅರ್ಧ ವಿಜ್ಞಾನ ಹಿಡಿದುಕೊಂಡು ಬರುವವರನ್ನು ಕಂಡರೆ ನನಗೆ ಅಜ್ಞಾನಿಗಳಿಗಿಂತ ಹೆಚ್ಚು ಭಯ.

ಸೊಪ್ಪು ತುಳಿಯುವುದು ಎಂದರೇನೆಂದು ನೀವು ಪರದೆಯ ಮೇಲೆ ನೋಡಿದ್ದೀರಿ. ನಾನು ಹೇಳುತ್ತೇನೆ, ಕೇಳಿ. ನಾಲೆ ನೀರು ಬರುವ ಮುನ್ನ ಊರ ಹೆಂಗಸರು ಗಂಡಸರು ತೋಪಿಗೆ ಹೋಗಿ ಹೊಂಗೆ ಸೊಪ್ಪು ಕಡಿಯುತ್ತಾರೆ. ಹೋದ ವರ್ಷ ಕುಡುಗೋಲು ಹಾಕಿದ ಮರಕ್ಕೆ ಈ ವರ್ಷ ಹಾಕುವಂತಿಲ್ಲ. ಮರದ ನೆತ್ತಿಯನ್ನು ಮುಟ್ಟುವಂತಿಲ್ಲ. ಕಡಿದ ಮೊದಲ ಹೊರೆ, ದುಡಿಯುವ ಆಳಿಲ್ಲದ ಮನೆಯ ಗದ್ದೆಗೆ. ಇವನ್ನೆಲ್ಲ ಯಾವ ಬೋರ್ಡಿನ ಮೇಲೂ ಬರೆದಿರಲಿಲ್ಲ. ತಪ್ಪಿದವರಿಗೆ ಕೇರಿಯ ಹಿರಿಯಳು ಮಂಚಮ್ಮನ ಬಾಯಿ ಸಾಕಾಗಿತ್ತು. ಆಮೇಲೆ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳು ಹೋಗಿ, ಮೊಣಕಾಲುದ್ದ ಕೆಸರಿನಲ್ಲಿ ಸಾಲಾಗಿ ನಿಂತು, ಬಯ್ದಾಡಿಕೊಂಡು, ನಗಾಡಿಕೊಂಡು ಸೊಪ್ಪನ್ನು ಮಣ್ಣಿನೊಳಕ್ಕೆ ತುಳಿಯುತ್ತಾರೆ. ಸೊಪ್ಪು ಕರಗಿ ಕೆಸರು ಕಪ್ಪಾದ ಮೇಲೆ ನಾಟಿ.

ನಮ್ಮ ಮನೆಗೆ ಇದು ಬರೀ ಬೇಸಾಯದ ಪದ್ಧತಿಯಲ್ಲ. ನಮ್ಮ ತಾತನಿಗೆ ಸರ್ಕಾರ ದರಖಾಸ್ತಿನಲ್ಲಿ ಜಮೀನು ಕೊಟ್ಟಾಗ ಊರವರು ಮುಸಿಮುಸಿ ನಕ್ಕಿದ್ದರಂತೆ. ಅದು ಚೌಳು ನೆಲ. ಬೇಸಿಗೆಯಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ಉಪ್ಪು ಏಳುತ್ತಿತ್ತು. ಮಳೆಗಾಲದಲ್ಲಿ ನೀರು ಇಂಗದೆ ಹಾಗೇ ನಿಲ್ಲುತ್ತಿತ್ತು. ಒಳ್ಳೆಯ ಗದ್ದೆಗಳೆಲ್ಲ ಇರುವವರ ಪಾಲಿಗೆ, ಯಾರಿಗೂ ಬೇಡವಾದ ಉಪ್ಪಿನ ತುಂಡು ನಮ್ಮ ಕೇರಿಯವರಿಗೆ. ಆ ಕಥೆ ನಿಮಗೆ ಹೊಸದಲ್ಲ. ತಾತ ಅದರಲ್ಲಿ ವರ್ಷ ವರ್ಷವೂ ಸೊಪ್ಪು ತುಳಿದ. ಅವನ ನಂತರ ನಮ್ಮಪ್ಪ ತುಳಿದ. ಅಪ್ಪ ಹೋದ ಮೇಲೆ ಅವ್ವ ತುಳಿದಳು. ಉಪ್ಪು ಇಳಿಯಿತು, ಎರೆಹುಳು ಬಂದವು, ಮಣ್ಣು ಕಪ್ಪಾಯಿತು, ಹಿಡಿದರೆ ಮುದ್ದೆಯ ಹಾಗೆ ಕೂತುಕೊಳ್ಳುವಂತಾಯಿತು. ನಮಗೆ ಕೊಟ್ಟಿದ್ದು ನೆಲ. ಮಣ್ಣು ನಾವು ಮಾಡಿಕೊಂಡಿದ್ದು. ಒಂದಡಿ ಆಳದ ಆ ಮಣ್ಣೇ ನಮ್ಮ ಮನೆಯ ಆಸ್ತಿ; ಅದರ ಕೆಳಗೆ ಇವತ್ತಿಗೂ ಅದೇ ಹಳೇ ಚೌಳು ಬಾಯಿ ತೆರೆದುಕೊಂಡು ಮಲಗಿದೆ.

ಈಗ ನಿಮಗೆ ಸ್ವಲ್ಪ ಪಾಠ. ಅಧಿಕಾರಿಗಳಿಗೆ ಪಾಠ ಹೇಳುವ ಉದ್ಧಟತನಕ್ಕೆ ಕ್ಷಮೆ ಕೇಳುವುದಿಲ್ಲ, ನನಗೆ ಸಂಬಳ ಕೊಡುವುದೇ ಅದಕ್ಕೆ.

ಗಿಡಕ್ಕೂ ಮಣ್ಣಿಗೂ ಇರುವುದು ಮುಯ್ಯಾಳಿನ ಸಂಬಂಧ. ಗಿಡ ಬಿಸಿಲಿನಲ್ಲಿ ಮಾಡಿಕೊಂಡ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರಿನಿಂದ ಮಣ್ಣಿಗೆ ಬಿಡುತ್ತದೆ. ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಜೀವಿಗಳು ಅದನ್ನುಂಡು, ಗಿಡಕ್ಕೆ ಬೇಕಾದ ಸಾರವನ್ನು ಬಿಡಿಸಿಕೊಡುತ್ತವೆ. ಅಲಸಂದೆಯ ಬೇರಿನಲ್ಲಿ ಗಂಟು ಕಟ್ಟಿಕೊಂಡು ಕೂರುವ ಜೀವಿಗಳಂತೂ ಗಾಳಿಯಲ್ಲಿರುವ ಸಾರಜನಕವನ್ನೇ ಹಿಡಿದು ಗಿಡಕ್ಕೆ ಉಣಿಸುತ್ತವೆ. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಬಿಸಿಲು ಮಿತಿಮೀರಿದಾಗ ಈ ಮುಯ್ಯಿ ಮುರಿದುಬೀಳುತ್ತದೆ. ನೀರು ಉಳಿಸಿಕೊಳ್ಳಲು ಗಿಡ ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಸಕ್ಕರೆ ಕಮ್ಮಿ, ಹಾಗಾಗಿ ಬೇರಿನಿಂದ ಬಿಡುವ ಪಾಲೂ ಕಮ್ಮಿ. ಇತ್ತ ಬಿಸಿಯೇರಿದ ಮಣ್ಣಿಗೆ ಒಂದಿಷ್ಟು ತೇವ ಸಿಕ್ಕಿತೆಂದರೆ ಅದರೊಳಗಿನ ಜೀವಿಗಳಿಗೆ ಮೊದಲಿಗಿಂತ ಹೆಚ್ಚು ಹಸಿವು. ಹೊಸದು ಬರದಿದ್ದಾಗ ಅವು ಹಳೆಯ ದಾಸ್ತಾನನ್ನೇ ತಿಂದು ಮುಗಿಸುತ್ತವೆ. ನಮ್ಮ ತಾತ ಕೂಡಿಟ್ಟ ಕಪ್ಪು ಹೀಗೆ ಕರಗುತ್ತದೆ. ಅಂದಮೇಲೆ ಬಿಸಿಲು ಹೆಚ್ಚಿದ ಕಾಲಕ್ಕೆ ಮಣ್ಣಿಗೆ ಸೊಪ್ಪು ಹೆಚ್ಚು ಬೇಕೋ, ಕಮ್ಮಿ ಬೇಕೋ? ಹಸಿದವನ ತಟ್ಟೆಯಿಂದ ಮುದ್ದೆ ಎತ್ತಿಕೊಂಡು, ಉಂಡರೆ ನಿನಗೆ ವಾಯು ಆಗುತ್ತದೆ ಅಂದ ಹಾಗಿದೆ ನಿಮ್ಮ ಬುದ್ಧಿವಾದ.

ಇದು ಪುಸ್ತಕದ ಮಾತಲ್ಲ. ಅವ್ವ ಬೇಸಿಗೆಯ ಮಳೆಗೆ ಗದ್ದೆಯಲ್ಲಿ ಅಲಸಂದೆ ಎರಚುವವಳು. ಭರಣಿ ಸುರಿದರೆ ಧರಣಿ ಬದುಕೀತು ಅನ್ನುವುದು ಅವಳ ಬಾಯಲ್ಲಿ ಸದಾ ಇದ್ದ ಮಾತು. ಈಗೀಗ ಆ ಮಾತು ಆಡುವುದನ್ನೇ ಬಿಟ್ಟಿದ್ದಾಳೆ. ಭರಣಿ ಒಂದೋ ಬರುವುದೇ ಇಲ್ಲ. ಬಂದರೆ ಒಂದೇ ಏಟಿಗೆ ದಬದಬನೆ ಸುರಿದು, ಬದು ಕಿತ್ತು, ಮೇಲಿನ ಮಣ್ಣನ್ನು ಶಿಂಷಾ ಹೊಳೆಗೆ ಹೊತ್ತುಕೊಂಡು ಹೋಗುತ್ತದೆ. ಹೋದ ವರ್ಷ ಅವಳು ಒಂದು ಅಲಸಂದೆ ಗಿಡವನ್ನು ಬುಡಸಮೇತ ಕಿತ್ತು ನನ್ನ ಮುಂದೆ ಹಿಡಿದಳು. "ನೋಡಮ್ಮಿ, ಬೇರು ಎಂಗೆ ಬೋಳಾಗದೆ. ಒಂದಾರ ಗಂಟು ಐತಾ?" ಇರಲಿಲ್ಲ. ಕಾದ ನೆಲದಲ್ಲಿ ಆ ಜೀವಿಗಳು ಬೇರಿಗೆ ಬಂದು ಸೇರಿಕೊಂಡೇ ಇರಲಿಲ್ಲ. ಹುಡುಗರಿಗೆ ತೋರಿಸಲು ನಾನು ಪ್ರತಿ ವರ್ಷ ಅದೇ ಗದ್ದೆಯಿಂದ ಗಂಟಿರುವ ಬೇರು ಒಯ್ಯುತ್ತಿದ್ದೆ. ಆ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ.

ನಿಮ್ಮ ಸಭೆಯಾಗಿ ತಿಂಗಳೊಳಗೆ ತೋಪಿನಲ್ಲಿ ಬೋರ್ಡು ಎದ್ದಿತು. 'ಇಂಗಾಲ ವನ. ಸೊಪ್ಪು ಕಡಿಯುವುದು, ತರಗು ಗುಡಿಸುವುದು ಶಿಕ್ಷಾರ್ಹ ಅಪರಾಧ.' ವಿಚಾರಿಸಿದರೆ, ಎಲ್ಲೋ ಒಂದು ಕಂಪನಿ ಬಿಡುವ ಹೊಗೆಗೆ ನಮ್ಮೂರ ಹೊಂಗೆ ಮರಗಳು ಜಾಮೀನು ನಿಂತಿವೆಯಂತೆ. ಈ ಮರಗಳು ಇಷ್ಟು ಇಂಗಾಲ ಹಿಡಿದುಕೊಂಡಿವೆ, ಆದ್ದರಿಂದ ನೀವು ನಿಶ್ಚಿಂತೆಯಿಂದ ಹೊಗೆ ಬಿಡಿ ಎಂದು ಅವರಿಗೆ ಪ್ರಮಾಣಪತ್ರವಂತೆ. ಊರು ನೆಟ್ಟು, ಊರು ಕಾಯ್ದು, ಊರೇ ಕೊಂಬೆ ಸವರಿ ಬೆಳೆಸಿದ ತೋಪನ್ನು ಹೀಗೆ ಜಾಮೀನು ಕೊಡುವಾಗ ಊರನ್ನು ಒಂದು ಮಾತು ಕೇಳಿದಿರಾ? ಅಂದು ಅವ್ವ ನಿಮ್ಮ ಸಿಬ್ಬಂದಿಯನ್ನು ಅಡ್ಡಹಾಕಿ ಕೇಳಿದ್ದಳು: "ಮರ ನಿಮ್ದು ಅಂತೀರಾ, ಆಗ್ಲಿ ಕಣಪ್ಪ. ಸೊಪ್ಪಿಲ್ದೆ ನನ್ ಮಣ್ಣು ಸತ್ರೆ ಅದ್ಕೆ ಯಾರು?" ಅವರು "ಬೇರೆ ಮರದ ಸೊಪ್ಪು ಹಾಕಿಕೊಳ್ಳಿ, ಸೊಪ್ಪೆಲ್ಲ ಒಂದೇ" ಎಂದು ಹೇಳಿ ಹೋದರು.

ಸೊಪ್ಪೆಲ್ಲ ಒಂದೇ! ಯಾವ ಪುಣ್ಯಾತ್ಮ ಹೇಳಿದನೋ, ಅವನ ಬಾಯಿಗೆ ಬೇವಿನ ಹಿಂಡಿ ಹಾಕ. ನಮ್ಮವರು ಸರ್ಕಾರದವರ ಮಾತನ್ನು ನಂಬುವುದು ಅಪರೂಪ, ನಂಬಿದಾಗೆಲ್ಲ ಹೀಗೇ. ತೋಪಿನ ಮೇಲಿನ ದಿಣ್ಣೆಯಲ್ಲಿ ನೀಲಗಿರಿ ಇತ್ತು. ಅದಕ್ಕೆ ಯಾರ ಕಾವಲೂ ಇರಲಿಲ್ಲ. ಸೊಪ್ಪು ತುಳಿಯದೆ ನಾಟಿ ಹಾಕಿದರೆ ಗದ್ದೆ ಕೋಪಿಸಿಕೊಳ್ಳುತ್ತದೆ ಎಂದು ನಂಬಿದ ಜನ. ಬರಿ ಕೆಸರಿಗೆ ಪೈರು ಇಳಿಸಲು ಕೈ ಬರಲಿಲ್ಲ. ನಮ್ಮವ್ವ, ಮಂಚಮ್ಮ, ಪಕ್ಕದ ಗದ್ದೆಯ ಅಂಕಯ್ಯ ಎಲ್ಲ ಸೇರಿ ನೀಲಗಿರಿ ಸೊಪ್ಪು ತಂದು ತುಳಿದರು. ನಾನಾಗ ಪರೀಕ್ಷೆಯ ಕೆಲಸದಲ್ಲಿ ಮಳವಳ್ಳಿಯಲ್ಲೇ ಇದ್ದೆ. ಆ ಎಲೆಯಲ್ಲಿ ಎಣ್ಣೆ. ಬೇಗ ಕರಗುವುದಿಲ್ಲ, ಕರಗಿದಷ್ಟೂ ಎಳೆಯ ಬೇರನ್ನು ಸುಡುತ್ತದೆ. ನಾಟಿ ಹಾಕಿದ ಪೈರು ಹಸಿರು ತಿರುಗಲೇ ಇಲ್ಲ. ಅರಿಶಿನ ಬಳಿದ ಹಾಗೆ ನಿಂತು ನಿಂತು ಮಲಗಿತು. ನಾನು ಬಂದು ಕೆಸರಿಗೆ ಕೈ ಹಾಕಿದರೆ ಎಲೆ ಇಟ್ಟ ಹಾಗೇ ಇತ್ತು, ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು.

ನಾನು ನಿಮ್ಮ ಕೋಶವನ್ನು ಬಯ್ದೆ. ಅವ್ವ ತನ್ನನ್ನೇ ಬಯ್ದುಕೊಂಡಳು. "ಯಾರ್ನ್ ಯಾಕ್ ಅಂದೀಯ ಬುಡು. ನನ್ ಕೈಯಾರ ನಾನೇ ಇಸ ಇಕ್ಕಿವ್ನಿ ಅದ್ಕೆ." ಗದ್ದೆಯ ಬದುವಿನ ಮೇಲೆ ಕೂತು, ಮಗುವಿಗೆ ತಪ್ಪು ಔಷಧಿ ಕುಡಿಸಿದವಳ ಹಾಗೆ ಅಳುತ್ತಿದ್ದಳು. ಆ ಅಳುವಿಗೆ ನಿಮ್ಮ ವಾರ್ಷಿಕ ವರದಿಯಲ್ಲಿ ಯಾವ ಅಂಕಣವಿದೆ, ತಿಳಿಸಿ.

ಎರಡನೆಯ ವರ್ಷ ಯಾವ ಸೊಪ್ಪೂ ಇಲ್ಲ. ಗೊಬ್ಬರದ ಅಂಗಡಿಯ ಮೂಟೆ ಎರಚಿದರು. ಪೈರು ಒಂದಷ್ಟು ದಿನ ಕಡುಹಸಿರಾಗಿ ಕುಣಿದು, ಬಿಸಿಲಿನ ಒಂದು ವಾರಕ್ಕೆ ಸೊರಗಿ ಬಿತ್ತು. ಬೇರು ಕೆಳಗಿಳಿಯಲು ಮಣ್ಣು ಬಿಡುತ್ತಿರಲಿಲ್ಲ. ನೇಗಿಲು ಹೂಡಿದರೆ ಹೆಂಟೆ ಹೆಂಟೆಯಾಗಿ ಎದ್ದು, ಅವುಗಳ ಮೇಲೆ ಬೂದಿಯಂಥ ಬಿಳುಪು ಕಾಣಿಸಿತು. ತಾತ ಕೆಳಗಿಳಿಸಿದ್ದ ಉಪ್ಪನ್ನು ಬಿಸಿಲು ಮತ್ತೆ ಮೇಲಕ್ಕೆಳೆಯುತ್ತಿತ್ತು. ಅವ್ವ ಅದನ್ನು ಬೆರಳಿನಲ್ಲಿ ಒತ್ತಿ ನಾಲಗೆಗೆ ಹಚ್ಚಿಕೊಂಡು ಉಗಿದಳು.

ಇನ್ನು ನಿಮ್ಮ ತೋಪಿನ ಕಥೆ ಕೇಳಿ. ವರ್ಷಾನುಗಟ್ಟಲೆ ಸವರಿಸಿಕೊಂಡು ಬೆಳೆದ ಮರವನ್ನು ಒಂದೇ ಸಲ ಸವರುವುದನ್ನು ನಿಲ್ಲಿಸಿದರೆ ಏನಾಗುತ್ತದೆ? ಕೊಂಬೆಗಳೆಲ್ಲ ಮೇಲೆ ಮೇಲೆ ಒತ್ತಿ ತಲೆಭಾರವಾಗುತ್ತದೆ. ಇದನ್ನು ಊರವರು ಹೇಳಿದರು, ನಿಮ್ಮವರು ಕೇಳಲಿಲ್ಲ. ಈ ಬೇಸಿಗೆಯಲ್ಲಿ ಬಿಸಿಲು ಬೆಂದು ಬೆಂದು ಒಂದು ಸಂಜೆ ಬಿರುಗಾಳಿಯಾಗಿ ಬಂತಲ್ಲ, ಆಗ ತೋಪಿನ ಅರ್ಧಕ್ಕರ್ಧ ಮರಗಳು ಸೀಳಿದವು. ಕೆಲವು ಬುಡಸಮೇತ ಒರಗಿದವು. ನೆಲದ ಮೇಲೆ ಹಸಿ ಹೊಂಗೆ ಸೊಪ್ಪು ಮಂಡಿಯುದ್ದ ಬಿದ್ದಿತ್ತು. ಯಾರೂ ಕಡಿದದ್ದಲ್ಲ, ಗಾಳಿಯೇ ಕೊಟ್ಟದ್ದು. ಹೆಂಗಸರು ಮಂಕರಿ ಹಿಡಿದುಕೊಂಡು ಓಡಿದರು. ನಿಮ್ಮವರು ಅಡ್ಡ ನಿಂತು, "ಲೆಕ್ಕ ಆಗುವವರೆಗೆ ಮುಟ್ಟುವಂತಿಲ್ಲ" ಅಂದರು. ಲೆಕ್ಕ ಆಗುವಷ್ಟರಲ್ಲಿ ಸೊಪ್ಪು ಸುಟ್ಟ ಹಪ್ಪಳವಾಗಿತ್ತು. ಮರದ ತುಂಡುಗಳನ್ನು ಹರಾಜು ಹಾಕಿದಿರಿ. ಕೊಂಡವರು ಯಾರೆಂದು ನಿಮಗೆ ಗೊತ್ತು, ಆದರೂ ಓದುಗರಿಗಾಗಿ ಬರೆಯುತ್ತೇನೆ: ನಮ್ಮೂರಾಚೆ ಇಟ್ಟಿಗೆ ಗೂಡು ಇಟ್ಟಿರುವ ಚಲುವರಾಜು. ನಿಮ್ಮ ಜಾಮೀನಿನ ಇಂಗಾಲವೆಲ್ಲ ಈಗ ಗೂಡಿನ ಹೊಗೆಯಾಗಿ ನಮ್ಮ ಮನೆಗಳ ಮೇಲೆ ಹಾದುಹೋಗುತ್ತಿದೆ. ಕಂಪನಿಯ ಪ್ರಮಾಣಪತ್ರ ಮಾತ್ರ ಇನ್ನೂ ಜೀವಂತವಾಗಿರಬೇಕಲ್ಲವೇ?

ಥೂ. ಕ್ಷಮಿಸಿ, ಬಹಿರಂಗ ಪತ್ರದಲ್ಲಿ ಹೀಗೆ ಬರೆಯಬಾರದು. ಆದರೆ ಬೇರೆ ಪದ ತೋಚುತ್ತಿಲ್ಲ.

ಚಲುವರಾಜು ಕೆಟ್ಟವನೇನಲ್ಲ. ಗೂಡಿಗೆ ಸೌದೆಯೂ ಬೇಕು, ಮಣ್ಣೂ ಬೇಕು. ಸೌದೆ ನೀವು ಕೊಟ್ಟಿರಿ. ಮಣ್ಣಿಗೆ ಅವನು ಗದ್ದೆ ಗದ್ದೆ ಸುತ್ತಿದ. ಮೊದಲು ಸಿಕ್ಕವನು ಅಂಕಯ್ಯ. "ಅಂಕಣ್ಣ, ಮೇಗ್ಲ ಒಂದಡಿ ಮಣ್ಣು ತಗುದ್ರೆ ನಿನ್ ಗದ್ದೆ ತಗ್ಗಾಯ್ತದೆ. ನಾಲೆ ನೀರು ತಾನಾಗೇ ಇಳ್ಕಂಡ್ ಬತ್ತದೆ ಕಣಣ್ಣ" ಎಂದು ಒಪ್ಪಿಸಿದ. ಎರಡು ವರ್ಷ ಸರಿಯಾಗಿ ಬೆಳೆ ಕಾಣದ ಅಂಕಯ್ಯ ಹೂಂ ಅಂದ. ಯಂತ್ರ ಬಂದು ಅವನ ಗದ್ದೆಯ ಕಪ್ಪನ್ನೆಲ್ಲ ಬಳಿದುಕೊಂಡು ಹೋಯಿತು. ಈಗ ಅಲ್ಲಿ ತಗ್ಗಿದೆ, ನೀರು ಬಂದರೆ ನಿಲ್ಲಲೂಬಹುದು; ನಿಂತ ನೀರಿನಡಿ ಬೆಳ್ಳನೆಯ ಚೌಳು. ಅಂಕಯ್ಯ ಆ ಕಡೆ ಮುಖ ಹಾಕುತ್ತಿಲ್ಲ. ಚಹದಂಗಡಿಯಲ್ಲಿ ಸಿಕ್ಕವನು ನನಗೆ ಹೇಳಿದ್ದಿಷ್ಟೇ: "ನಮ್ ತಾತ ಬೈತಾನೆ ಕಣವ್ವ, ನಿದ್ದೇಲಿ."

ಅವ್ವನ ಬಳಿಗೂ ಚಲುವರಾಜು ಬಂದ. ಅವಳು ಕೊಡಲ್ಲ ಅನ್ನಲಿಲ್ಲ. "ನೀರು ಬರಗಂಟ ತಡಿಯಪ್ಪ. ಇದೊಂದ್ ಸಲ ಸೊಪ್ಪು ತುಳ್ದು ನೋಡ್ತೀನಿ. ಮಣ್ಣು ತಿರುಗ್ದಿದ್ರೆ ನೀನೇ ತಗಂಡೋಗು" ಅಂದಳು. ಆ ಮಾತಿನ ಮೇಲೆ ಹೋದ ವಾರ ಕುಡುಗೋಲು ಹಿಡಿದು ತೋಪಿಗೆ ಹೋದಳು. ಕದ್ದು ಹೋಗಲಿಲ್ಲ. ಬೆಳಗ್ಗೆ ಎಲ್ಲರೆದುರಿಗೆ, ಗಾಳಿಗೆ ಸೀಳದೆ ಉಳಿದ ಒಂದು ಮರದ ಅಡ್ಡ ಕೊಂಬೆಗಳನ್ನು, ನೆತ್ತಿ ಮುಟ್ಟದೆ, ಕಡಿದಳು. ಹೊರೆ ಕಟ್ಟಿ ಹೊತ್ತಳು.

ತೋಪಿನ ಕಾವಲಿಗೆ ನೀವು ನೇಮಿಸಿರುವವನು ಮಹದೇವು, ನಮ್ಮ ಸೋದರಮಾವನ ಮಗ. ನಿಮ್ಮ ಜೀಪು ಅಲ್ಲೇ ನಿಂತಿತ್ತು. ಗೋಡೆಯ ಕೆಲಸ ನೋಡಲು ಬಂದಿದ್ದ ನೀವು ಕಿಟಕಿಯ ಗಾಜನ್ನೂ ಇಳಿಸದೆ ಅವನಿಗೆ ಸನ್ನೆ ಮಾಡಿದಿರಿ. ಅವನು ಬಂದು ಸ್ವಂತ ಅತ್ತೆಯ ಮುಂದೆ ತಲೆತಗ್ಗಿಸಿ ನಿಂತ.

"ಅತ್ತೆ, ಕುಡ್ಲು ಕೊಟ್ಬುಡತ್ತೆ. ಸಾಯೇಬ್ರು ನೋಡ್ತಾವ್ರೆ. ನನ್ ಕೆಲ್ಸ ಓಯ್ತದೆ."

"ತಗಳ್ಲಾ. ನಿನ್ ಕೆಲ್ಸ ಉಳ್ಕಳ್ಲಿ. ಇದು ನಿಮ್ ತಾತ ನನ್ ಮದ್ವೇಲಿ ಹದ ಮಾಡ್ಸಿ ಕೊಟ್ಟಿದ್ದು ಕಣ್ಲಾ, ಉಸಾರಾಗಿ ಮಡಿಕ."

ಇದಿಷ್ಟೇ ನಡೆದದ್ದು. ಅವಳು ಕೂಗಾಡಲಿಲ್ಲ, ನಿಮಗೆ ಶಾಪ ಹಾಕಲಿಲ್ಲ. ಮಹದೇವು ಆ ಸಂಜೆ ನಮ್ಮ ಜಗುಲಿಗೆ ಬಂದು ಕೂತು, ಕಾಫಿ ಕೊಟ್ಟರೂ ಮುಟ್ಟದೆ ಎದ್ದುಹೋದ. ಒಂದು ಮನೆಯೊಳಗೆ ಇಂಥ ಬೇಲಿ ಹಾ‌ಕುವುದು ಯಾವ ಹವಾಮಾನ ನೀತಿಯಲ್ಲಿ ಬರೆದಿದೆ?

ಗೋಡೆ ಅಂದೆನಲ್ಲ, ಕೊನೆಗೆ ಅದಕ್ಕೆ ಬರುತ್ತೇನೆ. ಅರ್ಧ ತೋಪು ನೆಲಕ್ಕುರುಳಿದ ಮೇಲೆ ಉಳಿದರ್ಧಕ್ಕೆ ಸುತ್ತ ಕಾಂಪೌಂಡು ಕಟ್ಟಿಸುತ್ತಿದ್ದೀರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ. ನಮ್ಮಂಥವರು ಒಳಗೆ ಬಂದು ಸೊಪ್ಪು ಕಡಿಯದಿರಲಿ ಎಂದು ಆಳೆತ್ತರದ ಗೋಡೆ. ಮೊನ್ನೆ ಭಾನುವಾರ ನಾನು ಆ ಗೋಡೆಯ ಪಕ್ಕ ನಿಂತು ನೋಡಿದೆ. ಇಟ್ಟಿಗೆ ಚಲುವರಾಜುವಿನ ಗೂಡಿನದು. ಮಣ್ಣು ಅಂಕಯ್ಯನ ಗದ್ದೆಯದು. ಬೇಯಿಸಿದ್ದು ನಮ್ಮ ತೋಪಿನ ಹೊಂಗೆಯ ಸೌದೆಯಲ್ಲಿ. ಗದ್ದೆಯ ಕೆಸರಿನಲ್ಲಿ ಸೇರಬೇಕಾಗಿದ್ದ ಮರವೂ ಮಣ್ಣೂ ನಿಮ್ಮ ಕೃಪೆಯಿಂದ ಗೂಡಿನ ಬೆಂಕಿಯಲ್ಲಿ ಸೇರಿ, ಗೋಡೆಯಾಗಿ ನಿಂತು, ನಮ್ಮನ್ನು ಸೊಪ್ಪಿನಿಂದ ದೂರ ಇಟ್ಟಿವೆ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಬಂದು ನೋಡಿ, ಇಟ್ಟಿಗೆ ಇನ್ನೂ ಹೊಸದು. ತೋಪಿನ ಪೂರ್ವದ ಬದಿಯಲ್ಲಿ ಗೋಡೆ ಅಪೂರ್ಣವಾಗಿದೆ. ಇಟ್ಟಿಗೆ ಸಾಲದೆ ನಿಂತಿದೆಯಂತೆ. ಮುಂದಿನ ಲೋಡಿಗೆ ಯಾರ ಗದ್ದೆಯ ಮಣ್ಣು ಬರಬೇಕೆಂದು ಮೇಸ್ತ್ರಿಗೂ ಗೊತ್ತಿದೆ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಪರಿಹಾರ ಬೇಡ, ಸನ್ಮಾನ ಬೇಡ, ಇನ್ನೊಂದು ಸಭೆಯಂತೂ ದಮ್ಮಯ್ಯ ಬೇಡ. ನಾಲೆಯ ನೀರು ನಮ್ಮ ಕೊನೆಗೆ ತಲುಪುವುದರೊಳಗೆ ಬೋರ್ಡು ಕಿತ್ತು, ಹಳೆಯ ಕಟ್ಟುಪಾಡಿನಂತೆ ಸೊಪ್ಪು ಸವರಲು ಊರನ್ನು ಬಿಡಿ. ಗೋಡೆಯನ್ನು ಇದ್ದಲ್ಲಿಗೇ ನಿಲ್ಲಿಸಿ. ನಮ್ಮವ್ವನ ಕುಡುಗೋಲನ್ನು ಮಹದೇವುವಿನ ಕೈಯಲ್ಲಿ ಕಳಿಸಬೇಡಿ, ನೀವೇ ತಂದುಕೊಡಿ. ಬರುವಾಗ ಬೂಟು ಬಿಚ್ಚಿ, ಪ್ಯಾಂಟು ಮಡಿಚಿಕೊಂಡು ಬನ್ನಿ. ನಮ್ಮ ಗದ್ದೆಗೆ ಒಬ್ಬ ಆಳು ಕಮ್ಮಿಯಿದೆ. ಮುಯ್ಯಿಗೆ ನಾನು ನಿಮ್ಮ ಕಚೇರಿಗೆ ಬಂದು, ನೀವು ಯಾರ ತಲೆಯ ಮೇಲೆ ಬಿಸಿಲು ಹೊರಿಸುತ್ತಿದ್ದೀರೋ ಆ ಪಟ್ಟಿಯನ್ನು ತಿದ್ದಿಕೊಡುತ್ತೇನೆ.

ಇವೆಲ್ಲ ಆಗಲಾರದು ಅಂತೀರಾ? ಆಗದಿದ್ದರೆ ಏನಾಗುತ್ತದೆ ಎಂಬುದನ್ನೂ ಬರೆದು ಮುಗಿಸುತ್ತೇನೆ. ನಿನ್ನೆ ಅವ್ವನಿಗೆ, ಗೂಡಿನವನಿಗೆ ಇಲ್ಲ ಅಂದುಬಿಡು, ಬೇಸಾಯ ಬಿಟ್ಟರೂ ಚಿಂತೆಯಿಲ್ಲ, ಮಣ್ಣು ಇರಲಿ ಅಂದೆ. ಅವಳು ಹೇಳಿದಳು:

"ಓಗ್ಲಿ ಬುಡಮ್ಮಿ. ನನ್ ಗದ್ದೆನೇ ಇಲ್ದಿದ್ರೆ ಬಿಸ್ಲಾರ ಒಸಿ ಕಮ್ಮಿ ಆಯ್ತದೇನೋ."

ಎರಡು ವರ್ಷವಾದರೂ ಆಕೆ ನಿಮ್ಮ ಮಾತನ್ನು ಮರೆತಿಲ್ಲ, ಸ್ವಾಮಿ. ನಂಬಿಕೊಂಡೇ ಇದ್ದಾಳೆ. ಕುಡುಗೋಲು ತಂದುಕೊಡುವ ದಿನ, ಅದನ್ನು ಅವಳ ಕೈಗಿಡುವ ಮೊದಲು, "ಅಮ್ಮಾ, ಅದು ನೀನಲ್ಲ" ಎಂದು ಅದೇ ಬಾಯಿಂದ ಹೇಳಿ. ಮೈಕು ಬೇಡ. ಅವಳಿಗೆ ಕೇಳಿಸಿದರೆ ಸಾಕು.

ಇಂತಿ,
ಭೂಮಿ ಬಿಸಿ ಮಾಡಿದ ಆಪಾದನೆ ಹೊತ್ತ ಪಟ್ಟಲಮ್ಮನ ಮಗಳು,
ನಿಮ್ಮ ಗೋಡೆಯ ಆಚೆ ಬದಿಯಲ್ಲಿ ನಿಂತಿರುವ
ಅರುಂಧತಿ